ಐದನೆಯ ನುಡಿ

ನೆನೆದ ಅವರೆಕಾಳು ಸಿಪ್ಪೆ ಬಿಟ್ಟು ಜಾರಿತೋ ಇಲ್ಲವೋ ಎಂಬುದು ಭಾಗೀರಥಮ್ಮನ ಬೆರಳಿಗೆ ಈಗೀಗ ತಿಳಿಯುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳಿಟ್ಟು ಹಿತುಕಿ, ಬೋಗುಣಿಯ ಕಡೆ ಬಗ್ಗಿ ನೋಡಬೇಕು. ಒಳಗೆ ಹಸಿರು ಬೇಳೆ ಬಿದ್ದಿದ್ದರೆ ಸರಿ, ಇಲ್ಲವಾದರೆ ಮತ್ತೆ ಹಿತುಕಬೇಕು. ಎರಡು ವರ್ಷದಿಂದ ಹೀಗೆ. ಡಾಕ್ಟರು ನರ ಎಂದರು, ಮಗ ವಾದಿರಾಜ ಶುಗರ್ ಎಂದ, ಸೊಸೆ ವಯಸ್ಸು ಎಂದಳು. ಆಕೆಗೆ ಮಾತ್ರ ಅದು ಹೊಸ ಸಂಗತಿಯಾಗಿ ಕಾಣಲಿಲ್ಲ. ಒಳಗೆಲ್ಲೋ ಯಾವತ್ತೋ ಮರಗಟ್ಟಿದ್ದು ನಿಧಾನವಾಗಿ ನಡೆದುಕೊಂಡು ಬಂದು ಈಗ ಬೆರಳ ತುದಿ ಮುಟ್ಟಿದೆ, ಅಷ್ಟೇ ಎನ್ನಿಸಿತ್ತು. ಎನ್.ಆರ್. ಕಾಲೋನಿಯ ಈ ಅಡುಗೆಮನೆಗೆ ಚಳಿಗಾಲದ ಬಿಸಿಲು ಎಂಟೂವರೆಗೆ ಬರುತ್ತದೆ, ಗ್ರೈಂಡರಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತದೆ. ಇವತ್ತೂ ಬಂತು. ಅದು ಏಳುವುದರೊಳಗೆ ಅರ್ಧ ಕಾಳಾದರೂ ಮುಗಿಸಿ, ಬೇರೆ ಸೀರೆ ಉಟ್ಟು, ಹನ್ನೊಂದು ಗಂಟೆಗೆ ಬಸವನಗುಡಿಯ ಒಂದು ಮಹಡಿಯ ಮೇಲೆ, ಮೊಮ್ಮಗಳು ಕವಿತೆ ಓದುವ ಕಾರ್ಯಕ್ರಮದಲ್ಲಿ, ಮೈಕಿನ ಮುಂದೆ ಕೂತು ಹಾಡಬೇಕು. ಯಾವ ಹಾಡು ಎಂಬುದೂ ಗೊತ್ತಾಗಿತ್ತು.

"ಅದೇ ಹಾಡು ಅಜ್ಜಿ," ಎಂದು ಮೊಮ್ಮಗಳು ಆರಾಧನಾ ಮೂರು ದಿನದಿಂದ ಹೇಳುತ್ತಿದ್ದಳು. "ನನ್ನ ಮದುವೇಲಿ ಹಾಡಿದ್ಯಲ್ಲ, ಬೀಗರ ಹಾಡು. ಬಳೆ ವಿಷಯ ಬರತ್ತಲ್ಲ, ಅದು."

"ಮರ್ತ್ಹೋಗಿದೆ ಕಣೇ."

"ಸುಳ್ಳು ಹೇಳ್ಬೇಡ. ಎಪ್ಪತ್ತು ವರ್ಷದ ಹಿಂದಿನ ಹಸು ಹೆಸರು ನೆನಪಿದೆ, ಏಳು ವರ್ಷದ ಹಿಂದಿನ ಹಾಡು ಮರ್ತೋಗತ್ತಾ?"

ಮರೆತಿರಲಿಲ್ಲ. ಒಟ್ಟು ಆರು ನುಡಿ. ಐದನೆಯದು ಬಳೆಯದು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಭಾಗೀರಥಮ್ಮನಿಗೆ ಅಕ್ಷರಕ್ಕಿಂತ ಹಾಡು ಬೇಗ ಒಗ್ಗಿತ್ತು. ಮದುವೆಯ ಊಟವಾದ ಮೇಲೆ ಗಂಡುಹೆಣ್ಣನ್ನು ಎದುರುಬದುರು ಕೂರಿಸಿ ಅರಿಶಿನ ಹಚ್ಚಿಸಿ ಆಟವಾಡಿಸುವ ಉರುಟಣೆಯ ಹೊತ್ತಿಗೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಹೀಯಾಳಿಸಬೇಕು. ಬೀಗರ ಮೂಗು, ಬೀಗಿತ್ತಿಯ ನಡಿಗೆ, ಮದುಮಗನ ಹೊಟ್ಟೆ. ಎಷ್ಟು ಬೈದರೆ ಅಷ್ಟು ಗೌರವ. ಹಾಡಿನಲ್ಲಿ ಏನು ಹೇಳಿದರೂ ಯಾರೂ ಸಿಟ್ಟಾಗುವ ಹಾಗಿಲ್ಲ, ಯಾರೂ ನಿಜವೆಂದು ತಿಳಿಯುವ ಹಾಗೂ ಇಲ್ಲ. ಅವರವರನ್ನು ನೋಡಿ ಅಲ್ಲಲ್ಲೇ ಹೆಣೆಯುವುದು ಆಕೆಗೆ ಬರುತ್ತಿತ್ತು. ಗವೀಪುರದಿಂದ ಮಲ್ಲೇಶ್ವರದವರೆಗೆ ಕರೆಸುತ್ತಿದ್ದರು. ಆಕೆಯ ಗಂಡ, ಊರಿಗೆಲ್ಲ ಶೀನಣ್ಣ, ಕಚೇರಿಯಲ್ಲಿ ಬೀದಿಯಲ್ಲಿ ಮಾತಿನ ಮಲ್ಲ. ಮನೆಯೊಳಗೆ ಬಂದರೆ ಹೆಂಡತಿಯೊಡನೆ ನೇರ ಮಾತಿಲ್ಲ. "ಸಾರಿಗೆ ಉಪ್ಪು ಕಮ್ಮಿ ಅಂತ ಹೇಳೋ ಅವಳಿಗೆ," ಎಂದು ಮಗನಿಗೆ ಹೇಳುತ್ತಿದ್ದರು. ಮಗ ಇಲ್ಲದಿದ್ದರೆ ಗೋಡೆಗೆ. ಯಾಕೆಂದು ಆಕೆ ಕೇಳಲಿಲ್ಲ, ಮೂವತ್ತೆಂಟು ವರ್ಷ. ಮೊದಲೆರಡು ವರ್ಷ ಬಚ್ಚಲಲ್ಲಿ ಅತ್ತಿರಬೇಕು, ಸರಿಯಾಗಿ ನೆನಪಿಲ್ಲ. ಆಮೇಲೆ ಯಾರದೋ ಮದುವೆಯಲ್ಲಿ, ಯಾರದೋ ಮಗನನ್ನು ತೋರಿಸಿ ಹಾಡಿದಳು:

ಗೋಡೆಗೆ ಮಾತಾಡೋ ಗಂಡನ್ನ ತಂದೀರಿ
ಗೋಡೆಗೇ ತಾಳಿ ಕಟ್ಟಬಾರದೆ

ಇಡೀ ಛತ್ರ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಶೀನಣ್ಣ ತೊಡೆ ತಟ್ಟಿಕೊಂಡು ನಕ್ಕರು, ಪಕ್ಕದವರಿಗೆ "ನಮ್ಮನೇದು" ಎಂದರು. ಅವತ್ತು ಆಕೆಗೆ ಒಂದು ಬಗೆಯ ಹಗುರ ಬಂತು. ಹೇಳಿಬಿಟ್ಟೆ ಎನ್ನಿಸಿತು. ಮನೆಗೆ ಬಂದ ಮೇಲೆ ಅವರು ಗೋಡೆಗೆ ಕಾಫಿ ಕೇಳಿದರು, ಆಕೆ ತಂದುಕೊಟ್ಟಳು.

ಬೋಗುಣಿಯಲ್ಲಿ ಸಿಪ್ಪೆಯೂ ಬೇಳೆಯೂ ಬೆರೆತುಹೋಗಿದ್ದವು. ಗಮನ ತಪ್ಪಿತ್ತು. ಆಕೆ ಒಂದೊಂದಾಗಿ ಆರಿಸತೊಡಗಿದಳು.

"ಅಜ್ಜಿ, ಬಿಡು ಅದನ್ನ, ಬಂದು ಮಾಡಿದ್ರಾಯ್ತು. ಆಟೋ ಬುಕ್ ಮಾಡ್ತಿದೀನಿ," ಎಂದು ಆರಾಧನಾ ಬಾಗಿಲಲ್ಲಿ ನಿಂತಳು. ಹತ್ತಿಯ ಸೀರೆ, ಕಿವಿಗೆ ಬೆಳ್ಳಿ. ವಾಚು ಬಲಗೈಗೆ ಕಟ್ಟಿದ್ದಳು, ಅಗಲವಾದ ಚರ್ಮದ ಪಟ್ಟಿ. ಎರಡೂವರೆ ವರ್ಷದ ಹಿಂದೆ ಒಂದು ಬ್ಯಾಗಿನೊಡನೆ ಇದೇ ಬಾಗಿಲಲ್ಲಿ ಹೀಗೇ ನಿಂತಿದ್ದಳು, ಆಗ ಅದೇ ಜಾಗದಲ್ಲಿ ಕ್ರೇಪ್ ಬ್ಯಾಂಡೇಜು ಇತ್ತು. ಬಾತ್‌ರೂಮಲ್ಲಿ ಜಾರಿದೆ ಎಂದಳು. ಎಲ್ಲರೂ ನಂಬಿದರು. ಭಾಗೀರಥಮ್ಮ ಲೋಟ ಚಾಚಿದಾಗ ಹುಡುಗಿ ಎಡಗೈಯಿಂದ ತೆಗೆದುಕೊಂಡಳು. ಆಕೆ ಆ ಕೈಯನ್ನು ನೋಡಿದಳು, ಬ್ಯಾಂಡೇಜನ್ನು ನೋಡಿದಳು, ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿದಳು. ಆರು ತಿಂಗಳಿಗೆ ಇಬ್ಬರೂ ಒಪ್ಪಿ ಬೇರೆಯಾದರು. ಹೊಂದಾಣಿಕೆ ಆಗಲಿಲ್ಲ ಎನ್ನುವುದು ಬಂಧುಗಳಿಗೆ ಹೇಳುವ ಮಾತು. ಮನೆಯೊಳಗೂ ಅದೇ ಮಾತು.

ವಾದಿರಾಜನೂ ಸೊಸೆಯೂ ಬೆಳಿಗ್ಗೆಯೇ ಯಾರದೋ ಗೃಹಪ್ರವೇಶಕ್ಕೆಂದು ಹೊರಟುಹೋಗಿದ್ದರು. ಹೋಗುವಾಗ ವಾದಿರಾಜ ಚಪ್ಪಲಿ ಮೆಟ್ಟುತ್ತ, ಯಾರಿಗೂ ಅಲ್ಲದ ಹಾಗೆ, "ಮನೆ ವಿಷಯಾನ ಟಿಕೆಟ್ ಇಟ್ಟು ಓದೋ ಕಾಲ ಬಂತು," ಎಂದಿದ್ದ. ಅಪ್ಪನ ಹಾಗೇ ಗೋಡೆಗೆ.

"ಟಿಕೆಟ್ ಇಲ್ಲ ಅಪ್ಪ, ಫ್ರೀ," ಎಂದಿದ್ದಳು ಆರಾಧನಾ.

ಆಟೋದಲ್ಲಿ ಗಾಳಿ ತಣ್ಣಗಿತ್ತು. ಭಾಗೀರಥಮ್ಮ ಶಾಲು ಎಳೆದುಕೊಂಡಳು. ತೊಡೆಯ ಮೇಲೆ ಮೊಮ್ಮಗಳ ಕವಿತೆ ಪುಸ್ತಕ, ತೆಳ್ಳಗೆ, ಹೊದಿಕೆಯ ಮೇಲೆ ಒಂದು ಮರ. ಅದನ್ನು ಆಕೆ ಹತ್ತು ದಿನ ಕೂಡಿಸಿ ಕೂಡಿಸಿ ಓದಿದ್ದಳು. ಬೇರಿಗೆ ಬೆಂಕಿ ಬಿದ್ದ ದಿನ ಮರಕ್ಕೆ ಗೊತ್ತಾಯಿತು, ಎಲೆಯಷ್ಟೇ ಅಲ್ಲ ತಾನು, ಎಂದು ಒಂದು ಕಡೆ ಇತ್ತು. ಚೆನ್ನಾಗಿತ್ತು. ಆದರೆ ಪುಸ್ತಕದ ಮೊದಲಿಂದ ಕೊನೆಯವರೆಗೆ ಬೆಂಕಿ ಇತ್ತು, ಹೊಳೆ ಇತ್ತು, ನೋವು ಎಂಬ ಮಾತು ಮೂವತ್ತು ಸಲ ಬಂದಿತ್ತು, ಕೈ ಮಾತ್ರ ಎಲ್ಲೂ ಇರಲಿಲ್ಲ. ಕೊನೆಯ ಪುಟದ ಹೊತ್ತಿಗೆ ಭಾಗೀರಥಮ್ಮನಿಗೆ ತಿಳಿದುಹೋಯಿತು. ಇದು ತಾನು ಮಾಡಿದ್ದೇ. ಹೇಳಬೇಕಾದದ್ದರ ಪಕ್ಕದಲ್ಲಿ ನಿಂತು ಹಾಡುವುದು. ಎಲ್ಲರೂ ತಲೆದೂಗುತ್ತಾರೆ, ಮನಸ್ಸು ಹಗುರವಾಗುತ್ತದೆ, ಹೇಳಬೇಕಾದದ್ದು ಇದ್ದಲ್ಲೇ ಇರುತ್ತದೆ.

"ಮುನ್ನುಡೀಲಿ ನಿನ್ನ ಬಗ್ಗೆ ಬರ್ದಿದೀನಿ, ಓದಿದ್ಯಾ?" ಎಂದು ಆರಾಧನಾ ಕೇಳಿದಳು.

"ಓದ್ದೆ."

"ನಂಗೆ ಕವಿತೆ ಬಂದಿದ್ದೇ ನಿನ್ನಿಂದ. ಸತ್ಯ ಹೇಳೋದು ನಮ್ಮಜ್ಜಿಯಿಂದ ಕಲಿತೆ ಅಂತ ಹಾಕಿದೀನಿ."

ಆಟೋ ಸಿಗ್ನಲಿನಲ್ಲಿ ನಿಂತಿತು. ಪಕ್ಕದ ಬಸ್ಸಿನ ಕಿಟಕಿಯಿಂದ ಒಂದು ಮಗು ಆಕೆಯನ್ನೇ ನೋಡುತ್ತಿತ್ತು. ಈಗ ಹೇಳಬೇಕು, ಹಾಲ್ ತಲುಪುವುದರೊಳಗೆ, ಎಂದುಕೊಂಡಳು. ನನಗೆ ಗೊತ್ತಿತ್ತು ಕಣೇ. ನಿನ್ನ ಕೊರಳಿಗೆ ತಾಳಿ ಬೀಳುವ ಮುಂಚೆ ಗೊತ್ತಿತ್ತು. ನಾಲ್ಕು ಮಾತು. ಸಿಗ್ನಲ್ ಬಿಟ್ಟಿತು.

ಏಳು ವರ್ಷದ ಹಿಂದೆ ಆರಾಧನಾಳ ಮದುವೆ ನಡೆದ ಚಾಮರಾಜಪೇಟೆಯ ಛತ್ರದಲ್ಲಿ ರೂಮುಗಳ ಬಾಗಿಲೆಲ್ಲ ಒಂದೇ ಹಸಿರು ಬಣ್ಣ. ಹಿಂದಿನ ಸಂಜೆ ಸೊಸೆ ಮೆತ್ತಗೆ ಹೇಳಿದ್ದಳು, "ಅತ್ತೆ, ನಾಳೆ ಕಾಶೀಯಾತ್ರೆ ಮುಗಿಯೋವರ್ಗೂ ಸ್ವಲ್ಪ ಒಳಗಡೇನೇ ಇದ್ಬಿಡಿ. ನಮಗೇನಿಲ್ಲ, ಅವ್ರ ಕಡೆಯೋರು ಸ್ವಲ್ಪ ಹಳೇ ಕಾಲದೋರು." ಶೀನಣ್ಣ ಹೋಗಿ ಹದಿಮೂರು ವರ್ಷವಾಗಿತ್ತು. ಮದುಮಗ ಛತ್ರಿ, ಕೋಲು ಹಿಡಿದು ಕಾಶಿಗೆ ಹೊರಟ ಹಾಗೆ ಆಟವಾಡುವ ಹೊತ್ತಿಗೆ ಎದುರಿಗೆ ಬರಬಾರದ ಮುಖ ತನ್ನದು ಎಂಬುದು ಆಕೆಗೆ ಯಾರೂ ಹೇಳದೆಯೂ ಗೊತ್ತಿತ್ತು. ಹೇಳಿದ್ದರಿಂದ ಹೆಚ್ಚಿಗೆ ಏನೂ ಆಗಲಿಲ್ಲ. ಸ್ನಾನ ಮುಗಿಸಿ ಒದ್ದೆ ಟವೆಲು ಹಿಡಿದು ಬರುವಾಗ ತಪ್ಪಿ ತನ್ನ ರೂಮಿಗಿಂತ ಒಂದು ಬಾಗಿಲು ಮೊದಲೇ ತಳ್ಳಿಬಿಟ್ಟಳು. ಒಳಗೆ ಮದುಮಗ ಕಶ್ಯಪ್, ಅವನ ತಾಯಿ, ಇಬ್ಬರೇ. ಮಂಚದ ಮೇಲೆ ಯಾವುದೋ ಅಂಚಿನ ಪಂಚೆ, ಅವನು ಕೇಳಿದ್ದು ಅದಲ್ಲವೇನೋ. ತಾಯಿಯ ಬಲಗೈ ಮಣಿಕಟ್ಟು ಅವನ ಹಿಡಿಯಲ್ಲಿತ್ತು. ಕೂಗಾಟವಿಲ್ಲ. ಅವನ ಮುಖದಲ್ಲಿ ಸಿಟ್ಟಿಲ್ಲ. ಹಿಡಿ ಬಿಗಿಯಾಗುತ್ತ ಹೋಗುವುದು ಹೆಬ್ಬೆರಳ ಉಗುರು ಬೆಳ್ಳಗಾಗುವುದರಲ್ಲಿ ಕಾಣುತ್ತಿತ್ತು. ಗಾಜು ಸಿಡಿದ ಸದ್ದು, ಒಂದು, ಆಮೇಲೆ ಇನ್ನೊಂದು. ಅವನು ತಲೆಯೆತ್ತಿ ನೋಡಿದ, ಕೈ ಬಿಡದೆ ನಕ್ಕ. "ಬನ್ನಿ ಅಜ್ಜಿ, ಬನ್ನಿ, ಕಾಫಿ ಆಯ್ತಾ ನಿಮ್ದು?" ಎಂದ. ಆ ತಾಯಿ ಸೆರಗಿನಿಂದ ಬಳೆಚೂರು ಸರಿಸುತ್ತ, "ಬಳೆ ಬಿಗಿಯಾಗಿತ್ತು ನೋಡಿ, ಸುಮ್ನೆ ಒಡ್ದೋಯ್ತು," ಎಂದರು. ಮಣಿಕಟ್ಟಿನ ಮೇಲೆ ಒಂದು ಸಾಸಿವೆಯಷ್ಟು ರಕ್ತ. ಭಾಗೀರಥಮ್ಮ ಬಾಗಿಲು ಎಳೆದುಕೊಂಡಳು.

ಮುಹೂರ್ತಕ್ಕೆ ಎರಡೂವರೆ ಗಂಟೆ ಇತ್ತು. ಸೊಸೆ ಎರಡು ಸಲ ಎದುರು ಬಂದಳು, ವಾದಿರಾಜ ಒಂದು ಸಲ. ಆರಾಧನಾಳ ತಲೆಗೆ ಮೊಗ್ಗಿನ ಜಡೆ ಕಟ್ಟುವಾಗ ಪಕ್ಕದಲ್ಲೇ ಕೂತಿದ್ದಳು. ಹೇಳಲು ಬಾಯಿ ತೆರೆದಾಗಲೆಲ್ಲ ಕಿವಿಗೆ ಮೊದಲು ಕೇಳಿದ್ದು ಒಂದೇ ಮಾತು: ಆ ಹೊತ್ತಿಗೆ ನೀವು ಅಲ್ಲಿಗೆ ಯಾಕೆ ಹೋದ್ರಿ ಅತ್ತೆ? ಏನು ನೋಡಿದಿರಿ ಎಂದು ಯಾರೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಬಳೆ ಒಡೆದದ್ದೂ ತನ್ನ ಮುಖದಿಂದಲೇ ಎಂದಾಗುತ್ತದೆ. ಆ ಒಂದು ಪ್ರಶ್ನೆಯ ನಾಚಿಕೆಗೆ ಹೆದರಿ ಹುಡುಗಿಯ ಬದುಕನ್ನು ಕೊಟ್ಟುಬಿಟ್ಟೆ ಎಂದು ಈಗ ಎನ್ನಿಸುವುದು, ಆಗ ಹಾಗೆನ್ನಿಸಲಿಲ್ಲ. ಆಗ ಆಕೆಗೆ ಹೊಳೆದದ್ದು, ಮಧ್ಯಾಹ್ನ ಹಾಡು ಇದೆಯಲ್ಲ ಎಂದು. ತಾಳಿ ಬಿದ್ದ ಮೇಲೆ ಹಾಡು ಎಂಬುದು ಹೊಳೆಯಲಿಲ್ಲ. ಹೊಳೆದಿದ್ದರೂ, ಬಹುಶಃ, ಅದೇ ಅನುಕೂಲವಾಗಿತ್ತು.

ಹೆಂಗಸರ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತು ಹಾಡಿದಳು. ಐದನೆಯ ನುಡಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ಕಶ್ಯಪ್. ಎದ್ದು ಬಂದು, ಬಗ್ಗಿ, ಆಕೆಯ ಅಂಗೈಯಲ್ಲಿ ಒಂದು ಚಿರೋಟಿ ಇಟ್ಟ. "ಅಜ್ಜಿ ಕಣ್ಣು ಭಾರೀ ಚುರುಕು," ಎಂದ. ಅದರ ಪುಡಿ ಸಂಜೆಯವರೆಗೂ ಅಂಗೈಯಲ್ಲಿತ್ತು.

ಹಾಲಿನ ಮೆಟ್ಟಿಲು ಹತ್ತಿಸಲು ಸುಪ್ರಜಾ ಕೆಳಗೇ ಬಂದಿದ್ದಳು. ಆರಾಧನಾಳ ಗೆಳತಿ, ಕಾರ್ಯಕ್ರಮ ನಡೆಸುವವಳು, ಕತ್ತರಿಸಿದ ಕೂದಲು, ದೊಡ್ಡ ಕನ್ನಡಕ. "ಬನ್ನಿ ಬನ್ನಿ, ನೀವೇ ಇವತ್ತಿನ ಸ್ಟಾರ್," ಎಂದಳು. ಬಾಗಿಲ ಬಳಿ ಒಂದು ಬೋರ್ಡು. ಆಕೆ ನಿಂತು ಕೂಡಿಸಿ ಓದಿದಳು: ನೋವಿನಿಂದ ಕವಿತೆಗೆ. ಒಳಗೆ ಐವತ್ತು ಅರವತ್ತು ಜನ, ಬಹಳ ಮಟ್ಟಿಗೆ ಎಳೆಯ ವಯಸ್ಸಿನವರು, ಕೆಲವರು ನೆಲದ ಮೇಲೆ ಜಮಖಾನೆಯಲ್ಲಿ. ಒಬ್ಬ ಹುಡುಗಿ ತನ್ನದೇನೋ ಓದುತ್ತಿದ್ದಳು. ಓದಿ ನಿಲ್ಲಿಸಿದಾಗ ಎಲ್ಲರೂ ಕೈಯೆತ್ತಿ ಚಿಟಿಕೆ ಹೊಡೆದರು.

"ಏನದು?"

"ಈಗ ಚಪ್ಪಾಳೆ ಹೊಡೆಯಲ್ಲ ಅಜ್ಜಿ. ಓದೋರಿಗೆ ಡಿಸ್ಟರ್ಬ್ ಆಗ್ಬಾರ್ದು ಅಂತ ಚಿಟಿಕೆ. ಮನಸ್ಸಿಗೆ ಮುಟ್ಟಿದ್ರೆ ಚಿಟಿಕೆ."

"ನಾವು ಆಕಳಿಕೆ ಬಂದ್ರೆ ಹೊಡೀತಿದ್ವಿ."

ಸುಪ್ರಜಾ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯೋ, ಸೂಪರ್! ಇದನ್ನ ಸ್ಟೇಜ್ ಮೇಲೆ ಹೇಳ್ಬಿಡಿ, ಪ್ಲೀಸ್."

ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮೈಕು ಬಗ್ಗಿಸಿದರು. ಇಷ್ಟು ಮುಂದೆ, ಇಷ್ಟು ಬೆಳಕಿನಲ್ಲಿ ಕೂತು ಹಾಡಿ ಇಪ್ಪತ್ತು ವರ್ಷವಾಗಿತ್ತು. ಶಾಲು ಜಾರಿದರೆ ಎತ್ತಿಕೊಳ್ಳಲೋ ಬೇಡವೋ ತಿಳಿಯಲಿಲ್ಲ. ಆರಾಧನಾ ಮೊದಲ ಸಾಲಿನಲ್ಲಿ, ಪುಸ್ತಕ ಎದೆಗೊತ್ತಿಕೊಂಡು, ಶೀನಣ್ಣ ಕೂರುತ್ತಿದ್ದ ಜಾಗದಲ್ಲಿ. ಭಾಗೀರಥಮ್ಮ ಗಂಟಲು ಸರಿಮಾಡಿಕೊಂಡಳು. ದನಿ ಒಡೆದಿತ್ತು, ಶ್ರುತಿ ಮಾತ್ರ ತಪ್ಪಲಿಲ್ಲ.

ಬಂದಾರು ಬೀಗರು ಬಾಡಿಗೆ ಕಾರಲ್ಲಿ
ಕಾರಿಗಿಂತ ಅವರ ಜಂಬ ಉದ್ದ

ನಗು. ಎರಡನೆಯದಕ್ಕೆ ಇನ್ನಷ್ಟು. ಫೋನುಗಳು ಮೇಲೆದ್ದವು. ಮೂರು, ನಾಲ್ಕು. ಐದನ್ನು ಬಿಟ್ಟು ಆರಕ್ಕೆ ಹೋಗಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ, ಒಬ್ಬಳನ್ನು ಬಿಟ್ಟು. ನಾಲಿಗೆ ತಾನಾಗಿ ಐದಕ್ಕೇ ಹೋಯಿತು, ಪಳಗಿದ ದನ ಕೊಟ್ಟಿಗೆಗೆ ಹೋಗುವ ಹಾಗೆ.

ನಮ್ಮ ಬೀಗಿತ್ತಿ ಕೈಯ ಹಸಿರು ಬಳೆ ಎರಡು
ಹಸೆಮಣೆ ಏರೋ ಮೊದಲೊಡೆದೊ
ಯಾರೂ ಬಡಿದಿಲ್ಲ, ಯಾರೂ ಬೈದಿಲ್ಲ
ಮಗರಾಯ ಹಿಡಿದ ಮುದ್ದಿಗೆ

ಅದೇ ನಗು. ಬೇರೆ ಹಾಲ್, ಬೇರೆ ಜನ, ಬೇರೆ ಕಾಲ ಎಂಬುದೇ ಇಲ್ಲದ ಹಾಗೆ ಅದೇ ಜಾಗದಲ್ಲಿ, ಅಷ್ಟೇ ಅಳತೆಯಲ್ಲಿ. ಆರಾಧನಾಳೂ ನಗುತ್ತಿದ್ದಳು. ಭಾಗೀರಥಮ್ಮ ಆರನೆಯದಕ್ಕೆ ಉಸಿರು ತೆಗೆದುಕೊಂಡಳು, ಹಾಡಲಿಲ್ಲ. ಮೈಕಿಗೆ ಅಲ್ಲ, ಮೊದಲ ಸಾಲಿಗೆ ಹೇಳಿದಳು.

"ಇದು ಹಾಡಲ್ಲ. ನಾನು ನೋಡಿದ್ದೆ ಕಣೇ. ಬೆಳಿಗ್ಗೆ. ತಪ್ಪಿ ಅವ್ರ ರೂಮಿಗೆ ಹೋಗಿದ್ದೆ. ಅವ್ನು ತಾಯಿ ಕೈ ಹಿಡ್ಕೊಂಡಿದ್ದ, ಬಳೆ ಒಡೆಯೋವರ್ಗೂ. ಮುಹೂರ್ತಕ್ಕೆ ಇನ್ನೂ ಟೈಮಿತ್ತು. ನಾನು ಯಾರ್ಗೂ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ."

ಮೈಕು ಅದನ್ನೂ ಎತ್ತಿಕೊಂಡಿತ್ತು. ಫ್ಯಾನಿನ ಸದ್ದು ಕೇಳಿಸಿತು. ಆಮೇಲೆ ಹಿಂದಿನ ಸಾಲಿನಿಂದ ಒಂದು ಚಿಟಿಕೆ, ಇನ್ನೊಂದು, ಆಮೇಲೆ ಎಲ್ಲ ಕಡೆಯಿಂದ, ಒಲೆಯ ಮೇಲೆ ಸಾಸಿವೆ ಸಿಡಿದ ಹಾಗೆ. ಒಬ್ಬ ಹುಡುಗಿ ಕಣ್ಣೊರಸಿಕೊಂಡಳು. "ವಾವ್," ಎಂದಿತು ಯಾವುದೋ ಗಂಡು ದನಿ. ಸುಪ್ರಜಾ ಮೈಕು ತೆಗೆದುಕೊಂಡು, "ಮಾತು ಕವಿತೆಯಾಗೋದು ಅಂದ್ರೆ ಇದೇ," ಎಂದಳು.

ಆರಾಧನಾ ಚಿಟಿಕೆ ಹೊಡೆಯಲಿಲ್ಲ. ನಗು ಇನ್ನೂ ಮುಖದ ಮೇಲಿತ್ತು, ಒಗೆದು ಹಾಕಿದ ಬಟ್ಟೆ ತಂತಿಯ ಮೇಲಿರುವ ಹಾಗೆ. ಆಮೇಲೆ ಅವಳ ಹೆಸರು ಕರೆದರು, ಹೋಗಿ ಓದಿದಳು. ಬೇರಿಗೆ ಬೆಂಕಿ ಬಿದ್ದ ಮರದ್ದು ಓದಿದಳು. ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ ನೀರು ಕುಡಿದಳು, ಪುಟ ತಿರುಗಿಸಿದಳು, ಇನ್ನೊಂದು ಪುಟ ತಿರುಗಿಸಿದಳು, ಪುಸ್ತಕ ಮುಚ್ಚಿ, "ಇಷ್ಟು ಸಾಕು, ಥ್ಯಾಂಕ್ಯೂ," ಎಂದು ಇಳಿದುಬಂದಳು. ಮುಗಿದ ಮೇಲೆ ಕೇಸರಿಬಾತ್ ಕೊಟ್ಟರು. ಮೂವರು ಹುಡುಗಿಯರು ಬಂದು ಭಾಗೀರಥಮ್ಮನ ಕಾಲಿಗೆ ನಮಸ್ಕಾರ ಮಾಡಿದರು, ಒಬ್ಬಳು ಆಕೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಆಕೆ ಎಲ್ಲದಕ್ಕೂ ಕೂತಲ್ಲೇ ಕೂತಿದ್ದಳು. ಹೇಳಿದ್ದಾಯಿತಲ್ಲ ಎಂದು ಒಳಗೆ ಹುಡುಕಿ ನೋಡಿದಳು. ಹಗುರ ಬಂದಿರಲಿಲ್ಲ. ಭಾರವೂ ಇರಲಿಲ್ಲ. ಬೆರಳ ತುದಿಯ ಹಾಗೆ, ಇದೆ ಎಂದು ಕಣ್ಣಿಗೆ ಕಾಣುವುದು, ಅಷ್ಟೇ.

ವಾಪಸು ಬರುವಾಗ ಆಟೋದಲ್ಲಿ ಡ್ರೈವರು ಒಂದು ಸಲ "ಲೆಫ್ಟಾ ಮೇಡಂ?" ಎಂದ. "ರೈಟು," ಎಂದಳು ಆರಾಧನಾ. ಮನೆಯಲ್ಲಿ ಯಾರೂ ಬಂದಿರಲಿಲ್ಲ. ಭಾಗೀರಥಮ್ಮ ಸೀರೆ ಬದಲಿಸಿ, ಕಾಲು ತೊಳೆದು, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು. ನೀರಿನಲ್ಲಿ ಉಳಿದ ಕಾಳು ಇನ್ನೂ ಉಬ್ಬಿತ್ತು. ಒಂದು ತೆಗೆದಳು, ಹಿತುಕಿದಳು, ಬಗ್ಗಿ ನೋಡಿದಳು. ರೂಮಿನ ಬಾಗಿಲು ಹಾಕಿದ ಸದ್ದಾಯಿತು, ಬಹಳ ಹೊತ್ತಾದ ಮೇಲೆ ತೆಗೆದ ಸದ್ದು. ಆರಾಧನಾ ಬಂದು ಎದುರಿಗೆ ನೆಲದ ಮೇಲೆ ಕಾಲು ಮಡಚಿ ಕೂತಳು. ಬೈಯಲಿ ಎಂದು ಮುದುಕಿ ಕಾದಳು. ಹುಡುಗಿ ತಾನೂ ಒಂದು ಹಿಡಿ ಕಾಳು ಎತ್ತಿಕೊಂಡಳು, ನಾಲ್ಕು ಹಿತುಕಿದಳು.

"ಆವತ್ತು ನಾನೂ ನಕ್ಕೆ ಅಲ್ವಾ ಅಜ್ಜಿ," ಎಂದಳು.

"ಎಲ್ಲಾರೂ ನಕ್ರು."

"ಅವ್ನು ಮನೇಲಿ ಆ ನುಡೀನ ಹಾಡ್ತಿದ್ದ. ಆಮೇಲಾಮೇಲೆ. ಹಿಡ್ಕೊಂಡಾಗ್ಲೆಲ್ಲ. ನೋಡು, ನಿಮ್ಮಜ್ಜಿ ಹಾಡು ಅಂತ."

ಭಾಗೀರಥಮ್ಮನ ಕೈಯಲ್ಲಿದ್ದ ಕಾಳು ಎಲ್ಲಿ ಬಿತ್ತೋ ಕಾಣಲಿಲ್ಲ.

ಆರಾಧನಾ ವಾಚಿನ ಪಟ್ಟಿ ಬಿಚ್ಚಿ ನೆಲದ ಮೇಲಿಟ್ಟಳು. ಬಲಗೈ ಮುಂದೆ ಚಾಚಿದಳು. ಮಣಿಕಟ್ಟಿನ ಒಂದು ಪಕ್ಕ ಮೂಳೆ ಸ್ವಲ್ಪ ಉಬ್ಬಿ ಕೂಡಿಕೊಂಡಿತ್ತು.

"ಅವ್ನಮ್ಮನ ಕೈ ಹೇಗೆ ಹಿಡ್ಕೊಂಡಿದ್ದ? ತೋರ್ಸು."

"ಬೇಡ ಕಣೇ."

"ನೀನು ನೋಡಿದ್ಯಲ್ಲ. ಇನ್ಯಾರೂ ನೋಡಿಲ್ಲ. ತೋರ್ಸು."

ಆಕೆ ಒದ್ದೆ ಕೈ ಸೆರಗಿಗೆ ಒರಸಿಕೊಂಡು ಆ ಮಣಿಕಟ್ಟನ್ನು ಹಿಡಿದಳು. ಹಿಡಿದದ್ದು ಕಣ್ಣಿಗೆ ಕಂಡಿತು. ಬೆಚ್ಚಗಿದೆಯೋ ತಣ್ಣಗಿದೆಯೋ ಬೆರಳಿಗೆ ತಿಳಿಯಲಿಲ್ಲ.

"ಇಷ್ಟೇನಾ?"

"ನಂಗೆ ಗೊತ್ತಾಗಲ್ವಲ್ಲೇ, ಎಷ್ಟು ಹಿಡ್ದಿದೀನಿ ಅಂತ."

"ಬಿಗಿ ಮಾಡು. ನಾನು ಹೇಳ್ತೀನಿ."

ಮಾಡಿದಳು.

"ಇನ್ನೂ."

ಹೆಬ್ಬೆರಳ ಉಗುರು ಬೆಳ್ಳಗಾಯಿತು. ಆರಾಧನಾ ಕಣ್ಣು ಮುಚ್ಚಿಕೊಳ್ಳಲಿಲ್ಲ. ಒಗ್ಗರಣೆಗೆ ಎಣ್ಣೆ ಎಷ್ಟು ಎಂದು ಹೇಳಿಕೊಡುವವಳ ಹಾಗೆ, ಕೈಯನ್ನೇ ನೋಡುತ್ತ ಕೂತಿದ್ದಳು.

"ಇನ್ನೂ ಸ್ವಲ್ಪ. ಹ್ಞಾ. ಇಷ್ಟಕ್ಕೆ ಬಳೆ ಒಡ್ಯತ್ತೆ ಅಜ್ಜಿ," ಎಂದಳು. "ಮೂಳೆ ಹೋಗ್ಬೇಕು ಅಂದ್ರೆ ಇನ್ನೂ ಬೇಕು."